ತೋಟದ ದಾರಿಗೂ ಘಟ್ಟದ ತಿರುವಿಗೂ ಒಂದೇ ಗಾಡಿ: ಸಸ್ಪೆನ್ಶನ್ ಎತ್ತರಿಸುವುದಾದರೆ ಎಷ್ಟು, ಹೇಗೆ?

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮಳೆಗಾಲ ಮುಗಿಯುತ್ತಿದ್ದಂತೆ ಗ್ಯಾರೇಜುಗಳಲ್ಲಿ ಕೇಳಿಬರುವ ಪ್ರಶ್ನೆ ಒಂದಿದೆ. ಗಾಡಿಯ ಅಡಿ ತಾಗುತ್ತಿದೆ, ಸ್ವಲ್ಪ ಎತ್ತರ ಮಾಡಿಸಬಹುದಾ? ಕೇಳುವುದರಲ್ಲಿ ತಪ್ಪೇನಿಲ್ಲ. ಟಾರ್ ರಸ್ತೆ ಬಿಟ್ಟು ಮನೆ ಕಡೆ ತಿರುಗುವ ಮಣ್ಣಿನ ದಾರಿಯಲ್ಲಿ ನೀರು ಹರಿದು ಹರಿದು ಚಕ್ರದ ಜಾಡು ಎರಡೂ ಕೊರಕಲಾಗಿರುತ್ತದೆ, ನಡುವಿನ ದಿಬ್ಬ ಹಾಗೇ ಉಳಿದಿರುತ್ತದೆ, ಅದರಲ್ಲಿ ಮಣ್ಣು ತೊಳೆದುಹೋಗಿ ಒಂದೆರಡು ಕಲ್ಲು ತಲೆ ಎತ್ತಿರುತ್ತವೆ. ಇಬ್ಬರೇ ಕೂತಾಗ ಸಲೀಸಾಗಿ ದಾಟುವ ಗಾಡಿ ಐದು ಜನ ಕೂತ ದಿನ ಗರ್ ಅಂತ ಉಜ್ಜುತ್ತದೆ.

ಆದರೆ ಇದೇ ಗಾಡಿ ನಾಳೆ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗಬೇಕು. ಅರಬೈಲ್ ಘಟ್ಟದಲ್ಲಿ ಲಾರಿಗಳ ಹಿಂದೆ ಇಳಿದು ಅಂಕೋಲಾ ಮುಟ್ಟಬೇಕು, ಅಲ್ಲಿಂದ ಹೆದ್ದಾರಿ 66 ಹಿಡಿದು ಕಾರವಾರಕ್ಕೆ ಓಡಬೇಕು. ಎತ್ತರ ಹೆಚ್ಚಿದಷ್ಟೂ ಗಾಡಿಯ ಭಾರ ಮೇಲಕ್ಕೆ ಹೋಗುತ್ತದೆ. ತಿರುವಿನಲ್ಲಿ ವಾಲುವುದು ಜಾಸ್ತಿಯಾಗುತ್ತದೆ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ: ದಿನಾ ಓಡಿಸುವ ಗಾಡಿಗೆ 25ರಿಂದ 40 ಮಿಲಿಮೀಟರ್ ಸಾಕು. 50 ದಾಟಿದರೆ ಸ್ಪ್ರಿಂಗ್ ಒಂದನ್ನೇ ಬದಲಿಸಿ ಮುಗಿಯುವುದಿಲ್ಲ, ಬ್ರೇಕ್ ಹೋಸಿನಿಂದ ಹಿಡಿದು ಸ್ಟೇರಿಂಗ್ ತನಕ ಒಂದೊಂದೇ ಭಾಗ ಬದಲಿಸುತ್ತ ಹೋಗಬೇಕಾಗುತ್ತದೆ. ನಿಮಗೆ ನಿಜವಾಗಿ ಬೇಕಾದಷ್ಟೇ ಎತ್ತರ ಕಂಡುಕೊಳ್ಳುವುದು ಹೇಗೆ ಅನ್ನುವುದೇ ಈ ಲೇಖನ.

ಮೊದಲು ಅಡಿಗೆ ಇಣುಕಿ

ಬಹಳ ಜನ ಈ ಹೆಜ್ಜೆಯನ್ನೇ ಬಿಡುತ್ತಾರೆ. ತಾಗುತ್ತಿರುವುದು ಏನು ಅಂತ ಗೊತ್ತಿಲ್ಲದೆ ಎತ್ತರ ಮಾಡಿಸುವುದು ದುಡ್ಡು ದಂಡ.

ಗಾಡಿಯ ಅಡಿಯನ್ನು ಚೆನ್ನಾಗಿ ತೊಳೆಸಿ. ಸರ್ವಿಸ್ ಸ್ಟೇಷನ್ನಿನ ರ‍್ಯಾಂಪ್ ಮೇಲೆ ಏರಿಸಿದಾಗ ಟಾರ್ಚ್ ಹಿಡಿದು ಮುಂದಿನಿಂದ ಹಿಂದಿನವರೆಗೆ ನೋಡಿ. ಹಳೆಯ ಗೀರು ಕಪ್ಪಾಗಿರುತ್ತದೆ ಅಥವಾ ತುಕ್ಕು ಹಿಡಿದಿರುತ್ತದೆ, ಹೊಸ ಗೀರು ಫಳಫಳ ಹೊಳೆಯುತ್ತದೆ. ಅನುಮಾನ ಇದ್ದರೆ ಇನ್ನೊಂದು ಉಪಾಯ ಇದೆ. ಗೋಡೆಗೆ ಬಳಿಯುವ ಸುಣ್ಣವನ್ನು ಗಟ್ಟಿಯಾಗಿ ಕಲಸಿ, ಎಂಜಿನ್ ತಣ್ಣಗಿದ್ದಾಗ, ಚೇಂಬರಿನ (ಎಂಜಿನ್ ಎಣ್ಣೆ ನಿಲ್ಲುವ ತೊಟ್ಟಿಯ) ಅಡಿಗೆ, ಕ್ರಾಸ್ ಮೆಂಬರಿಗೆ (ಅಡಿಯ ಅಡ್ಡ ತೊಲೆಗೆ), ಲೋಯರ್ ಆರ್ಮಿಗೆ (ಚಕ್ರವನ್ನು ಹಿಡಿದಿಡುವ ಕೆಳಗಿನ ತೋಳಿಗೆ), ಹಿಂದಿನ ಬೀಮಿಗೆ ಒಂದೊಂದು ಪಟ್ಟಿ ಹಚ್ಚಿ. ಒಣಗಿದ ಮೇಲೆ ಮಾಮೂಲಿ ಜನ, ಮಾಮೂಲಿ ಸಾಮಾನು ತುಂಬಿಕೊಂಡು ಅದೇ ದಾರಿಯಲ್ಲಿ ನಿಧಾನ ಹೋಗಿ ಬನ್ನಿ. ಸುಣ್ಣ ಉಜ್ಜಿಹೋದ ಜಾಗವೇ ನಿಮ್ಮ ಉತ್ತರ. ಎಲ್ಲೆಲ್ಲೂ ಸುಣ್ಣ ಹಾಗೇ ಇದ್ದು ಬಂಪರಿನ ತುಟಿ ಮಾತ್ರ ತಾಗಿದ್ದರೆ ತೊಂದರೆ ಇರುವುದು ದಾರಿಯ ಏರು ಶುರುವಾಗುವ ಮೂಲೆಯಲ್ಲಿ, ಗಾಡಿಯ ನಡುವಿನ ಎತ್ತರದಲ್ಲಿ ಅಲ್ಲ.

ಈಗ ಮುಖ್ಯ ಸಂಗತಿ. ಬೊಲೆರೋದ ಹಿಂಭಾಗ, ಥಾರ್‌ನ ಹಿಂಭಾಗ, ಜಿಮ್ನಿಯ ಮುಂದೆ ಹಿಂದೆ ಎರಡೂ ಕಡೆ ಇರುವುದು ಗಟ್ಟಿ ಆಕ್ಸಲ್, ಅಂದರೆ ಎಡ ಬಲದ ಚಕ್ರ ಎರಡನ್ನೂ ಸೇರಿಸುವ ಒಂದೇ ತೊಲೆ. ಅದರ ನಡುವಿನ ಡಿಫರೆನ್ಷಿಯಲ್ ಹೌಸಿಂಗ್ (ಗೇರ್ ಇರುವ ಉಬ್ಬಿದ ಡಬ್ಬ) ಚಕ್ರದ ಜೊತೆಗೇ ಇರುತ್ತದೆ. ಸಸ್ಪೆನ್ಶನ್ ಎಷ್ಟೇ ಎತ್ತರಿಸಿ, ಬಾಡಿ ಮಾತ್ರ ಮೇಲೆ ಹೋಗುತ್ತದೆ, ಹೌಸಿಂಗ್ ಒಂದು ಮಿಲಿಮೀಟರ್ ಕೂಡ ಮೇಲೇಳುವುದಿಲ್ಲ. ಸುಣ್ಣ ಹೋಗಿರುವುದು ಹೌಸಿಂಗಿನ ಮೇಲಾದರೆ ಲಿಫ್ಟ್ ಕಿಟ್ಟಿನಿಂದ (ಗಾಡಿ ಎತ್ತರಿಸುವ ಭಾಗಗಳ ಸೆಟ್ಟಿನಿಂದ) ಏನೂ ಉಪಯೋಗವಿಲ್ಲ. ಅದನ್ನು ಎತ್ತರಿಸಬಲ್ಲದ್ದು ದೊಡ್ಡ ಟೈರ್ ಮಾತ್ರ.

ಅಳತೆ ತೆಗೆಯುವುದು

ನೆಲದಿಂದ ಅಳೆಯಬೇಡಿ. ಟೈರಿನ ಗಾಳಿ ಕಡಿಮೆ ಜಾಸ್ತಿ ಆದರೆ ಅಳತೆಯೂ ಬದಲಾಗುತ್ತದೆ. ಚಕ್ರದ ನಟ್ಟನಡುವಿನಿಂದ ನೇರ ಮೇಲೆ ಫೆಂಡರಿನ (ಚಕ್ರದ ಮೇಲಿನ ಕಮಾನಿನ) ಅಂಚಿನ ತನಕ ಟೇಪ್ ಹಿಡಿಯಿರಿ. ಸಿಮೆಂಟ್ ಹಾಕಿದ ಸಮತಟ್ಟು ಅಂಗಳ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಪೆಟ್ರೋಲ್ ಬಂಕಿನ ನೆಲ. ನಾಲ್ಕೂ ಚಕ್ರದ ಅಳತೆ ಬರೆದಿಟ್ಟುಕೊಳ್ಳಿ. ಒಮ್ಮೆ ಗಾಡಿ ಖಾಲಿ ಇದ್ದಾಗ, ಇನ್ನೊಮ್ಮೆ ನೀವು ಸಾಮಾನ್ಯವಾಗಿ ಹೇರುವಷ್ಟು ಹೇರಿದಾಗ.

ಕಂಪನಿ ಹೇಳುವ ಗ್ರೌಂಡ್ ಕ್ಲಿಯರೆನ್ಸ್ ಕ್ರೆಟಾಗೆ 190 ಮಿಲಿಮೀಟರ್, ಬ್ರೆಜ್ಜಾಗೆ 198, ಜಿಮ್ನಿಗೆ 210, ಹೊಸ ಥಾರ್‌ಗೆ 226. ಐದು ಜನ, ಹಿಂದೆ ಎರಡು ಚೀಲ ಅಡಿಕೆ ಇದ್ದಾಗ ಅಷ್ಟು ಉಳಿದಿರುವುದಿಲ್ಲ, ಅಲ್ವಾ? ಖಾಲಿ ಅಳತೆಗೂ ಹೇರಿದ ಅಳತೆಗೂ ಹಿಂಭಾಗದಲ್ಲಿ ವ್ಯತ್ಯಾಸ ಬಹಳ ಜಾಸ್ತಿ ಇದ್ದರೆ ನಿಮಗೆ ಬೇಕಾಗಿರುವುದು ಎತ್ತರ ಅಲ್ಲ, ಭಾರ ತಡೆಯುವ ಸ್ಪ್ರಿಂಗ್. ಎಡ ಬಲದ ನಡುವೆ 10 ಮಿಲಿಮೀಟರಿಗಿಂತ ಜಾಸ್ತಿ ಹೆಚ್ಚುಕಡಿಮೆ ಕಂಡರೆ ಒಂದು ಸ್ಪ್ರಿಂಗ್ ಕುಸಿದಿದೆ ಅಥವಾ ತುಂಡಾಗಿದೆ ಅನ್ನುವ ಅನುಮಾನ ಇಟ್ಟುಕೊಂಡೇ ಮುಂದೆ ಹೋಗಿ.

ಎತ್ತರಿಸದೆಯೇ ಕೆಲಸ ಆಗುವುದಾದರೆ

ಒಂದು ಲಕ್ಷ ಕಿಲೋಮೀಟರ್ ಹತ್ತಿರ ಓಡಿದ, ನಮ್ಮ ರಸ್ತೆಗಳಲ್ಲೇ ಓಡಿದ ಗಾಡಿಯ ಸ್ಪ್ರಿಂಗ್ ಹೊಸದಿದ್ದಾಗ ಇದ್ದಷ್ಟು ಎತ್ತರ ಇರುವುದು ಅಪರೂಪ. ಹದಿನೈದು ಇಪ್ಪತ್ತು ಮಿಲಿಮೀಟರ್ ಕೂತಿರುತ್ತದೆ. ಕಂಪನಿಯದ್ದೇ ಹೊಸ ಸ್ಪ್ರಿಂಗ್, ಹೊಸ ಶಾಕಪ್ ಹಾಕಿಸಿದರೆ ಕಳೆದುಕೊಂಡ ಎತ್ತರ ವಾಪಸ್ ಬರುತ್ತದೆ. ಕಾನೂನಿನ ತಕರಾರಿಲ್ಲ, ವಿಮೆಯ ತಕರಾರಿಲ್ಲ. ಹಳೆ ಗಾಡಿಯವರಿಗೆ ನಾನು ಕೊಡುವ ಮೊದಲ ಸಲಹೆ ಇದೇ. ಇದನ್ನು ಮಾಡಿಸಿ ಒಂದು ಮಳೆಗಾಲ ಓಡಿಸಿದ ಮೇಲೆ ಲಿಫ್ಟ್ ಬೇಕೇ ಅಂತ ಯೋಚಿಸಿ.

ತಾಗುತ್ತಿರುವುದು ಚೇಂಬರ್ ಮಾತ್ರ ಆದರೆ ಗಟ್ಟಿ ಲೋಹದ ಗಾರ್ಡ್ ಹಾಕಿಸುವುದು ಲಿಫ್ಟಿಗಿಂತ ಅಗ್ಗ. ಎಣ್ಣೆ ಸೋರಿ ಎಂಜಿನ್ ಹೋಗುವ ಭಯವೂ ಕಡಿಮೆಯಾಗುತ್ತದೆ.

ಟೈರಿನ ಲೆಕ್ಕವನ್ನೂ ನೋಡಿ. ಹಳೆಯ ಡಸ್ಟರಿಗೆ ಬರುತ್ತಿದ್ದ 215/65 ಆರ್16 ಟೈರಿನ ಎತ್ತರ ಸುಮಾರು 686 ಮಿಲಿಮೀಟರ್. 215/70 ಆರ್16 ಹಾಕಿದರೆ ಸುಮಾರು 707. ಟೈರ್ 21 ಮಿಲಿಮೀಟರ್ ದೊಡ್ಡದಾದರೂ ಗಾಡಿ ಏಳುವುದು ಅದರ ಅರ್ಧ, ಅಂದರೆ ಹತ್ತು ಹನ್ನೊಂದು ಮಿಲಿಮೀಟರ್ ಮಾತ್ರ. ಮೀಟರಿನಲ್ಲಿ 80 ತೋರಿಸುವಾಗ ಮೊದಲಿಗಿಂತ ಎರಡೂವರೆ ಕಿಲೋಮೀಟರ್ ವೇಗ ಜಾಸ್ತಿ ಇರುತ್ತದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿ, ಮುಂದಿನ ಚಕ್ರ ಹೊಂಡಕ್ಕೆ ಇಳಿದಾಗಲೂ ಟೈರ್ ಒಳಗಿನ ಪ್ಲಾಸ್ಟಿಕ್ಕಿಗೆ ಉಜ್ಜಬಾರದು. ನಿಮ್ಮ ಗಾಡಿಯದ್ದೇ ಬೇರೆ ಮಾದರಿಗೆ ಕಂಪನಿಯೇ ಒಪ್ಪಿದ ಅಳತೆ ಯಾವುದಿದೆ ನೋಡಿ, ಅದರ ಆಚೆ ಹೋಗಬೇಡಿ.

ಇನ್ನು ದಾರಿ ನಿಮ್ಮದೇ ಆಗಿದ್ದರೆ, ಇಡೀ ದಾರಿಯಲ್ಲಿ ತಾಗುವುದು ಎರಡೇ ಕಡೆ ಆಗಿದ್ದರೆ, ಕೊರಕಲಿಗೆ ಒಂದು ಲೋಡ್ ಚಿರೆಕಲ್ಲಿನ ಚೂರು ಹಾಕಿಸಿ, ಮೇಲಿನಿಂದ ಬರುವ ನೀರನ್ನು ಧರೆ ಕಡೆಯ ಚರಂಡಿಗೆ ತಿರುಗಿಸಿ. ದಾರಿಯ ಮೇಲೆ ನೀರು ಹರಿಯುವುದು ನಿಂತರೆ ಕೊರಕಲು ಬೀಳುವುದೂ ನಿಲ್ಲುತ್ತದೆ. ಅಕ್ಕಪಕ್ಕದ ಮನೆಯವರಿಗೂ ಉಪಕಾರ.

ಕಾಗದಪತ್ರದ ಮಾತು ಮೊದಲೇ ಆಗಲಿ

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಮೂಲದಲ್ಲಿ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಮಾಲೀಕ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಕಟ್ಟುನಿಟ್ಟಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಪ್ಪಿಗೆ ಇಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಜೈಲು, ಅಥವಾ ಎರಡೂ ಅಂತ ಸೇರಿಸಿದರು. ಹಾಗಾಗಿ "ಎಲ್ಲರೂ ಮಾಡಿಸ್ತಾರೆ, ಏನೂ ಆಗಲ್ಲ" ಅನ್ನುವ ಮಾತಿನ ಮೇಲೆ ದುಡ್ಡು ಹಾಕಬೇಡಿ. ಕೆಲಸ ಶುರು ಮಾಡುವ ಮೊದಲು ಶಿರಸಿಯಲ್ಲೋ ಕಾರವಾರದಲ್ಲೋ ನಿಮ್ಮ ಆರ್‌ಟಿಒ ಕಚೇರಿಗೆ ಹೋಗಿ ಯಾವ ಭಾಗ ಹಾಕಿಸುತ್ತಿದ್ದೀರಿ ಅಂತ ತೋರಿಸಿ ಕೇಳಿ. ವಿಮೆ ಕಂಪನಿಗೆ ಬರಹದಲ್ಲಿ ತಿಳಿಸಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ. ಘಟ್ಟದಲ್ಲಿ ಏನಾದರೂ ಆದ ಮೇಲೆ ಸರ್ವೇಯರ್ ಬಂದು ಸ್ಪ್ರಿಂಗ್ ನೋಡಿ ತಲೆ ಅಲ್ಲಾಡಿಸುವ ಪರಿಸ್ಥಿತಿ ಯಾರಿಗೂ ಬೇಡ. ವಾರಂಟಿ ಇರುವ ಗಾಡಿಯಾದರೆ ಶೋರೂಮಿನಲ್ಲೂ ವಿಚಾರಿಸಿ.

ಸ್ಪೇಸರಾ, ಸ್ಪ್ರಿಂಗಾ?

ಇದನ್ನು ಸಮಾಧಾನದಿಂದ ಓದಿ, ಯಾಕೆಂದರೆ ಅಂಗಡಿಯವರು ಬಿಡಿಸಿ ಹೇಳುವುದು ಕಡಿಮೆ.

ಕ್ರೆಟಾ, ಬ್ರೆಜ್ಜಾ, ಡಸ್ಟರ್ ಇವುಗಳ ಮುಂಭಾಗದಲ್ಲಿ ಇರುವುದು ಸ್ಟ್ರಟ್. ಸ್ಪ್ರಿಂಗೂ ಶಾಕಪ್ಪೂ ಒಂದೇ ಕಂಬದಲ್ಲಿ. ಅಗ್ಗದ ಲಿಫ್ಟ್ ಅಂದರೆ ಈ ಕಂಬದ ತಲೆಗೂ ಬಾಡಿಗೂ ನಡುವೆ ಒಂದು ಬಿಲ್ಲೆ, ಅಂದರೆ ಸ್ಪೇಸರ್, ಇಡುವುದು. 25 ಮಿಲಿಮೀಟರ್ ಬಿಲ್ಲೆ ಇಟ್ಟರೆ ಮುಂಭಾಗ ಹೆಚ್ಚುಕಡಿಮೆ 25 ಮಿಲಿಮೀಟರ್ ಏಳುತ್ತದೆ. ಸ್ಪ್ರಿಂಗ್ ಹಳೆಯದೇ, ಆದ್ದರಿಂದ ಸವಾರಿ ಮೊದಲಿನ ಹಾಗೇ ಮೆತ್ತಗಿರುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಇಡೀ ಕಂಬ ಕೆಳಕ್ಕೆ ಸರಿಯುವುದರಿಂದ ಚಕ್ರ ಹೊಂಡಕ್ಕೆ ಪೂರ್ತಿ ಇಳಿದಾಗ ಕಂಪನಿ ಲೆಕ್ಕ ಹಾಕಿದ್ದಕ್ಕಿಂತ ಅಷ್ಟೂ ಕೆಳಗೆ ಹೋಗುತ್ತದೆ. ಚಕ್ರ ತಿರುಗಿಸುವ ಡ್ರೈವ್ ಶಾಫ್ಟಿನ ಜಾಯಿಂಟ್ ಆ ಕೋನದಲ್ಲಿ ತಿರುಗಬೇಕು, ಬಾಲ್ ಜಾಯಿಂಟ್ ಅಷ್ಟು ಬಾಗಬೇಕು, ಬ್ರೇಕ್ ಹೋಸ್ ಅಷ್ಟು ಉದ್ದ ಬರಬೇಕು. 20, 25 ಮಿಲಿಮೀಟರಿಗೆ ಸಾಮಾನ್ಯವಾಗಿ ತಡೆಯುತ್ತವೆ. 40ರ ಬಿಲ್ಲೆ ಇಟ್ಟರೆ ಆಕ್ಸಲ್ ಬೂಟ್ (ಆ ಜಾಯಿಂಟಿನ ರಬ್ಬರ್ ಹೊದಿಕೆ) ಹರಿಯುವುದು, ತಿರುವಿನಲ್ಲಿ ಕಟ ಕಟ ಸದ್ದು ಶುರುವಾಗುವುದು ಬೇಗ.

ಎರಡನೇ ದಾರಿ ಸ್ವಲ್ಪ ಎತ್ತರದ ಸ್ಪ್ರಿಂಗ್ ಹಾಕುವುದು, ಅಥವಾ ಸ್ಪ್ರಿಂಗ್ ಕೂರುವ ಜಾಗದಲ್ಲಿ ದಪ್ಪ ಪ್ಯಾಡ್ ಇಡುವುದು. ಇಲ್ಲಿ ಚಕ್ರ ಎಷ್ಟು ಕೆಳಗೆ ಇಳಿಯಬಹುದು ಅನ್ನುವುದನ್ನು ಶಾಕಪ್ಪಿನ ಉದ್ದವೇ ತಡೆಯುತ್ತದೆ, ಅದು ಮೊದಲಿನಷ್ಟೇ. ಜಾಯಿಂಟಿನ ಕೊನೆಯ ಕೋನ ಬದಲಾಗುವುದಿಲ್ಲ. ಆದರೆ ಗಾಡಿ ಮೇಲೆದ್ದಷ್ಟೂ ಚಕ್ರಕ್ಕೆ ಕೆಳಗೆ ಇಳಿಯಲು ಉಳಿದ ಜಾಗ ಕಡಿಮೆ. ಹಂಪ್ ದಾಟಿ ಇಳಿಯುವಾಗ ಠಕ್ ಅಂತ ಒಂದು ಪೆಟ್ಟು ಕೇಳಿದರೆ ಶಾಕಪ್ ಕೊನೆ ಮುಟ್ಟಿತು ಅಂತ ಅರ್ಥ. ಅದು ದಿನಾ ಕೇಳಿಸುತ್ತಿದ್ದರೆ ಶಾಕಪ್ ಬಾಳಿಕೆ ಬರುವುದಿಲ್ಲ.

ದುಡ್ಡಿಗೆ ಅನುಕೂಲ ಇದ್ದರೆ ನನ್ನ ಆಯ್ಕೆ ಮೂರನೆಯದು: ಒಂದೇ ಕಂಪನಿಯವರು ನಿಮ್ಮ ಗಾಡಿಗೆಂದೇ ಜೋಡಿ ಮಾಡಿ ಕೊಡುವ ಸ್ಪ್ರಿಂಗ್ ಮತ್ತು ಶಾಕಪ್. ಸ್ಪ್ರಿಂಗ್ ಬಿಗಿಯಾದರೆ ಅದರ ಪುಟಿತ ಹಿಡಿದಿಡಲು ಶಾಕಪ್ಪೂ ಅದಕ್ಕೆ ತಕ್ಕ ಹಾಗೆ ಇರಬೇಕು. ಬಿಗಿ ಸ್ಪ್ರಿಂಗಿಗೆ ಹಳೆ ಶಾಕಪ್ ಹಾಕಿದರೆ ಗುಂಡಿ ದಾಟಿದ ಮೇಲೂ ಗಾಡಿ ಕುಣಿಯುತ್ತದೆ. ಘಟ್ಟದ ತಿರುವಿನ ನಡುವೆ ರಸ್ತೆ ಹಾಳಾಗಿದ್ದರೆ ಟೈರ್ ನೆಲ ಬಿಟ್ಟು ಹಾರುತ್ತದೆ. ಸ್ಪ್ರಿಂಗ್ ಆರಿಸುವಾಗ ಎಷ್ಟು ಎತ್ತರ ಅಂತ ಮಾತ್ರ ಕೇಳಬೇಡಿ, ಎಷ್ಟು ಭಾರಕ್ಕೆ ಮಾಡಿದ್ದು ಅಂತ ಕೇಳಿ. ಯಾವಾಗಲೂ ನೂರಿನ್ನೂರು ಕಿಲೋ ಸಾಮಾನು ಹೊರುವ ಗಾಡಿಗೆ ಮಾಡಿದ ಸ್ಪ್ರಿಂಗನ್ನು ಒಬ್ಬರೇ ಕೂತು ಆಫೀಸಿಗೆ ಹೋಗುವ ಗಾಡಿಗೆ ಹಾಕಿದರೆ ಬೆನ್ನು ನೋವು ಗ್ಯಾರಂಟಿ.

ಅಂಗಡಿಗಳಲ್ಲಿ ಸ್ಪ್ರಿಂಗಿನ ಸುರುಳಿಗಳ ನಡುವೆ ಸಿಕ್ಕಿಸುವ ರಬ್ಬರ್ ಬಫರ್ ಸಿಗುತ್ತದೆ. ನಾನು ಯಾರಿಗೂ ಹೇಳುವುದಿಲ್ಲ. ಆ ರಬ್ಬರ್ ಇರುವ ಸುರುಳಿ ಕೆಲಸ ಮಾಡುವುದು ಕಡಿಮೆಯಾಗಿ ಉಳಿದವುಗಳ ಮೇಲೆ ಒತ್ತಡ ಬೀಳುತ್ತದೆ. ಮಣ್ಣು ನೀರು ಅಲ್ಲೇ ಕೂತು ತುಕ್ಕೂ ಹಿಡಿಯುತ್ತದೆ.

ಪಾಟಾ ಇರುವ ಗಾಡಿ, ಥಾರ್, ಜಿಮ್ನಿ

ಹೊಸ ಥಾರ್‌ನ ಮುಂಭಾಗದಲ್ಲಿ ಸ್ಪ್ರಿಂಗ್ ಕೂರುವುದು ಆರ್ಮಿನ ನಡುವೆ, ಚಕ್ರದ ಪಕ್ಕದಲ್ಲಿ ಅಲ್ಲ. ಹಾಗಾಗಿ ಮೇಲೆ 20 ಮಿಲಿಮೀಟರ್ ಬಿಲ್ಲೆ ಇಟ್ಟರೆ ಚಕ್ರದ ಹತ್ತಿರ ಒಂದೂವರೆಯಿಂದ ಎರಡು ಪಟ್ಟು ಎತ್ತರ ಬರುತ್ತದೆ. ಇದು ಗೊತ್ತಿಲ್ಲದೆ 40ರ ಬಿಲ್ಲೆ ತರಬೇಡಿ.

ಬೊಲೆರೋದಂತೆ ಹಿಂದೆ ಪಾಟಾ (ಪಟ್ಟಿ ಪಟ್ಟಿ ಜೋಡಿಸಿದ ಸ್ಪ್ರಿಂಗ್) ಇರುವ ಗಾಡಿಗೆ ಉದ್ದದ ಶ್ಯಾಕಲ್ (ಪಾಟಾದ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ) ಹಾಕುವುದು ರೂಢಿ. ಶ್ಯಾಕಲ್ 50 ಮಿಲಿಮೀಟರ್ ಉದ್ದವಾದರೆ ಗಾಡಿ ಏಳುವುದು ಸುಮಾರು 25. ಆಕ್ಸಲ್ ಸ್ವಲ್ಪ ತಿರುಗುವುದರಿಂದ ಹಿಂದಿನ ಆಕ್ಸಲ್ಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನಲ್ಲಿ ನಡುಕ ಬರಬಹುದು. ಒಂದು ಪಾಟಾ ಹೆಚ್ಚಿಗೆ ಸೇರಿಸಿದರೆ ಭಾರ ತಡೆಯುತ್ತದೆ, ಖಾಲಿ ಇದ್ದಾಗ ಕುಕ್ಕುತ್ತದೆ. ಕೆಲವು ಗಾಡಿಗಳಲ್ಲಿ ಹಿಂದಿನ ಆಕ್ಸಲ್ಲಿಗೂ ಬಾಡಿಗೂ ನಡುವೆ ಒಂದು ಸರಳು, ಅದರ ತುದಿಗೆ ಬ್ರೇಕಿನ ವಾಲ್ವ್ ಇರುತ್ತದೆ. ಹಿಂದೆ ಭಾರ ಎಷ್ಟಿದೆ ಅಂತ ಅದು ತಿಳಿಯುವುದು ಎತ್ತರದಿಂದಲೇ. ಎತ್ತರಿಸಿದ ಮೇಲೆ ಅದನ್ನು ಹೊಂದಿಸದಿದ್ದರೆ ಗಾಡಿ ಖಾಲಿ ಇದೆ ಅಂತ ಲೆಕ್ಕ ಹಾಕಿ ಹಿಂದಿನ ಬ್ರೇಕಿಗೆ ಒತ್ತಡ ಕಡಿಮೆ ಕೊಡುತ್ತದೆ. ಭಾರ ಹೇರಿಕೊಂಡು ಘಟ್ಟ ಇಳಿಯುವವರು ಇದನ್ನು ಮರೆಯಲೇಬಾರದು.

ಜಿಮ್ನಿ ಎತ್ತರಿಸಿದರೆ ಮುಂದಿನ ಆಕ್ಸಲ್ ಸ್ವಲ್ಪ ಮುಂದಕ್ಕೆ ಹೊರಳಿ ಕ್ಯಾಸ್ಟರ್, ಅಂದರೆ ಚಕ್ರ ಎಡ ಬಲಕ್ಕೆ ತಿರುಗುವ ಅಚ್ಚು ಹಿಂದಕ್ಕೆ ವಾಲಿರುವ ಕೋನ, ಕಡಿಮೆಯಾಗುತ್ತದೆ. ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ವಾಪಸ್ ಬರುವುದು ನಿಧಾನವಾಗುತ್ತದೆ, ಹೆದ್ದಾರಿಯಲ್ಲಿ ಗಾಡಿ ಆಚೆ ಈಚೆ ಅಲೆಯುತ್ತದೆ. ಆಕ್ಸಲ್ ಒಂದು ಪಕ್ಕಕ್ಕೆ ಸರಿದಿದೆಯಾ ಅಂತಲೂ ನೋಡಬೇಕು, ಆಕ್ಸಲ್ಲನ್ನು ಬಾಡಿಗೆ ಅಡ್ಡಲಾಗಿ ಹಿಡಿದಿಡುವ ಪ್ಯಾನ್‌ಹಾರ್ಡ್ ರಾಡ್ ಅದನ್ನು ಎಳೆಯುತ್ತದೆ. 40ರ ಒಳಗೆ ಇದ್ದರೆ ಹೆಚ್ಚಿನವರಿಗೆ ತೊಂದರೆ ಆಗುವುದಿಲ್ಲ, ಆದರೂ ಕ್ಯಾಸ್ಟರ್ ಸರಿಪಡಿಸುವ ಬುಶ್ ಸಿಗುತ್ತದೆಯಾ ಅಂತ ಮೊದಲೇ ವಿಚಾರಿಸಿ.

ಗ್ಯಾರೇಜಿನಲ್ಲಿ ನಿಂತು ನೋಡಬೇಕಾದ್ದು

ಕೆಲಸ ಕೊಟ್ಟು ಚಹಾ ಕುಡಿಯಲು ಹೋಗಬೇಡಿ. ಸ್ಟ್ರಟ್ ಸ್ಪ್ರಿಂಗ್ ಬಿಚ್ಚಲು ಅದನ್ನು ಒತ್ತಿ ಹಿಡಿಯುವ ಸರಿಯಾದ ಸ್ಪ್ರಿಂಗ್ ಕಂಪ್ರೆಸರ್ ಇಲ್ಲದ ಕಡೆ ಈ ಕೆಲಸ ಬೇಡ. ಒತ್ತಿಟ್ಟ ಸ್ಪ್ರಿಂಗ್ ಜಾರಿದರೆ ಮೆಕ್ಯಾನಿಕ್ಕಿನ ಜೀವಕ್ಕೇ ಅಪಾಯ.

ಹಾಕಿ ಮುಗಿದ ಮೇಲೆ ಚಕ್ರ ನೇತಾಡುತ್ತಿರುವಾಗಲೇ ಸ್ಟೇರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಬ್ರೇಕ್ ಹೋಸ್ ಮತ್ತು ಎಬಿಎಸ್ ತಂತಿ ನೋಡಿ. ಎಳೆದು ಬಿಗಿಯಾಗಿದ್ದರೆ ಅಲ್ಲಿಗೇ ನಿಲ್ಲಿಸಿ. ಅವು ಸ್ವಲ್ಪ ಸಡಿಲವಾಗಿ ತೂಗುತ್ತಿರಬೇಕು.

ಇನ್ನೊಂದು ಸೂಕ್ಷ್ಮ ಇದೆ. ಆರ್ಮಿನ ರಬ್ಬರ್ ಬುಶ್ ಇರುವ ಬೋಲ್ಟುಗಳನ್ನು ಗಾಡಿ ಮೇಲಿದ್ದಾಗ ಕೈಬಿಗಿ ಮಾತ್ರ ಮಾಡಬೇಕು. ನಾಲ್ಕೂ ಚಕ್ರ ನೆಲಕ್ಕಿಳಿದು ಪೂರ್ತಿ ಭಾರ ಬಿದ್ದ ಮೇಲೆ ಕೊನೆಯ ಬಿಗಿ. ಗಾಡಿ ಗಾಳಿಯಲ್ಲಿದ್ದಾಗಲೇ ಬಿಗಿದುಬಿಟ್ಟರೆ, ಇಳಿಸಿದ ಕೂಡಲೇ ರಬ್ಬರ್ ತಿರುಚಿಕೊಂಡು ಹಾಗೇ ಇರುತ್ತದೆ, ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಅವಸರದಲ್ಲಿ ತಪ್ಪಿಹೋಗುವ ಕೆಲಸ ಇದು. ವಿನಯವಾಗಿ, ಆದರೆ ಬಿಡದೆ ಕೇಳಿ.

ಅದೇ ದಿನ ವೀಲ್ ಅಲೈನ್‌ಮೆಂಟ್ ಮಾಡಿಸಿ, ಪ್ರಿಂಟ್ ಇಟ್ಟುಕೊಳ್ಳಿ. ಹೆಡ್‌ಲೈಟ್ ಕೆಳಗಿಳಿಸಿ, ಇಲ್ಲದಿದ್ದರೆ ರಾತ್ರಿ ಘಟ್ಟ ಹತ್ತುವವರ ಕಣ್ಣಿಗೆ ನೇರ ಹೊಡೆಯುತ್ತದೆ. ಮುಂದೆ ಕ್ಯಾಮೆರಾ, ರಾಡಾರ್ ಇದ್ದು ತಾನಾಗಿ ಬ್ರೇಕ್ ಹಾಕುವ ಗಾಡಿಯಾದರೆ ಅವುಗಳನ್ನು ಮತ್ತೆ ಹೊಂದಿಸಬೇಕಾಗುತ್ತದೆ. ಅದು ಸುಲಭವಾಗಿ ಆಗುವ ಕೆಲಸ ಅಲ್ಲದ ಕಾರಣ ಅಂಥ ಗಾಡಿಯವರು ಲಿಫ್ಟ್ ಬಗ್ಗೆ ಎರಡು ಸಲ ಯೋಚಿಸಿ.

ಕಾರವಾರ, ಕುಮಟಾ, ಹೊನ್ನಾವರದವರಿಗೆ

ಉಪ್ಪು ಗಾಳಿಯಲ್ಲಿ ಅಲ್ಯೂಮಿನಿಯಂ ಬಿಲ್ಲೆಯೂ ಕಬ್ಬಿಣದ ಬೋಲ್ಟೂ ಒಂದಕ್ಕೊಂದು ತಾಗಿಕೊಂಡೇ ಇದ್ದರೆ ಬಿಳಿ ಪುಡಿ ಕಟ್ಟಿ ತಿನ್ನುತ್ತ ಹೋಗುತ್ತದೆ. ಬಿಲ್ಲೆ ಬೇಕೇ ಬೇಕು ಅಂತಾದರೆ ಪಾಲಿಯುರೆಥೇನಿನದ್ದು ಕೇಳಿ. ಬೋಲ್ಟುಗಳಿಗೆ ಜಾಮ್ ಆಗದ ಗ್ರೀಸ್ ಹಚ್ಚಿಸಿ. ಸ್ಪ್ರಿಂಗಿನ ಮೇಲಿನ ಬಣ್ಣ ಎಲ್ಲಿ ಎದ್ದಿದೆಯೋ ಅಲ್ಲಿಂದಲೇ ತುಂಡಾಗುವುದು, ಆದ್ದರಿಂದ ಹಾಕುವಾಗ ಗೀರಿದ ಕಡೆ ಬಣ್ಣ ಹಚ್ಚಿಸಿ. ಸಮುದ್ರದ ಮರಳಿಗೆ ಗಾಡಿ ಇಳಿಸಬೇಡಿ. ಇಳಿಸಬೇಕಾಗಿ ಬಂದರೆ ಅದೇ ದಿನ ಸಿಹಿನೀರಿನಲ್ಲಿ ಅಡಿ ತೊಳೆಯಿರಿ.

ಎತ್ತರ ಮಾಡಿಸಿದ್ದೇವೆ ಅಂತ ತುಂಬಿ ಹರಿಯುವ ಹಳ್ಳಕ್ಕೆ ಇಳಿಯುವವರೂ ಇದ್ದಾರೆ. 30 ಮಿಲಿಮೀಟರಿನಿಂದ ಅಲ್ಲಿ ಏನೂ ಬದಲಾಗುವುದಿಲ್ಲ. ಗಾಳಿ ಎಳೆಯುವ ಪೈಪ್ ಇದ್ದಲ್ಲೇ ಇದೆ, ನೀರಿನ ಸೆಳೆತವೂ ಅಷ್ಟೇ ಇದೆ.

ಹಾಕಿಸಿದ ಮೇಲೆ

ಮಳೆಗಾಲಕ್ಕೆ ಎರಡು ತಿಂಗಳು ಮೊದಲು ಕೆಲಸ ಮುಗಿಸುವುದು ಒಳ್ಳೆಯದು. ಹೊಸ ಸ್ಪ್ರಿಂಗ್ ಐದರಿಂದ ಹತ್ತು ಮಿಲಿಮೀಟರ್ ಕೂರುತ್ತದೆ, ಆಮೇಲೆ ನಿಲ್ಲುತ್ತದೆ. ಮೊದಲ ಕೆಲವು ದಿನ ಊರಿನ ರಸ್ತೆಯಲ್ಲೇ ಓಡಿಸಿ. ನಂತರ ಹಗಲಲ್ಲಿ, ಜನ ಕಡಿಮೆ ಇರುವಾಗ, ಗೊತ್ತಿರುವ ಘಟ್ಟದಲ್ಲಿ ಮೊದಲಿಗಿಂತ ನಿಧಾನಕ್ಕೆ ಇಳಿಯಿರಿ. ನೇರ ರಸ್ತೆಯಲ್ಲಿ ಬ್ರೇಕ್ ಹಾಕಿದಾಗ ಒಂದು ಕಡೆ ಎಳೆಯುತ್ತದೆಯಾ, ತಿರುವು ಬಿಟ್ಟ ಮೇಲೆ ಸ್ಟೇರಿಂಗ್ ವಾಪಸ್ ಬರುತ್ತದೆಯಾ, ಪೂರ್ತಿ ತಿರುಗಿಸಿದಾಗ ಸದ್ದು ಇದೆಯಾ, ಗಮನ ಇಟ್ಟು ಕೇಳಿ.

ಐನೂರರಿಂದ ಸಾವಿರ ಕಿಲೋಮೀಟರ್ ಓಡಿದ ಮೇಲೆ ಮತ್ತೆ ಗ್ಯಾರೇಜಿಗೆ ಹೋಗಿ ಎಲ್ಲ ಬೋಲ್ಟ್ ಬಿಗಿ ನೋಡಿಸಿ, ಅಲೈನ್‌ಮೆಂಟ್ ಇನ್ನೊಮ್ಮೆ ಮಾಡಿಸಿ. ಚಕ್ರದ ನಡುವಿನಿಂದ ಫೆಂಡರಿನ ತನಕ ಮತ್ತೆ ಟೇಪ್ ಹಿಡಿದು ಹಳೆಯ ಅಳತೆಯ ಪಕ್ಕ ಬರೆಯಿರಿ. ಎಡ ಬಲ ಹೊಂದುತ್ತಿಲ್ಲ ಅಂದರೆ ಅಥವಾ ಮುಂದಿನ ಟೈರಿನ ಒಳ ಅಂಚು ಮಾತ್ರ ಸವೆಯುತ್ತಿದೆ ಅಂದರೆ ಓಡಿಸುತ್ತ ಕೂರಬೇಡಿ, ಹಾಕಿದವರ ಹತ್ತಿರವೇ ಒಯ್ದು ಬಿಚ್ಚಿಸಿ ನೋಡಿಸಿ.